ಮೊಳಕೆಗೆ ಟೋಪಿ ತೊಡಿಸಿದ ಮುದುಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ಏನು ಬರೆಯುವುದೆಂದು ಎರಡು ದಿನ ಯೋಚಿಸಿದೆ. ಶಾಲೆ ಶುರುವಾದ ಕಾಲದ ಕಥೆ, ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕಾದು ಬರುತ್ತಿದ್ದ ಮೇಷ್ಟ್ರುಗಳ ಪಾಡು, ಮಳೆಗಾಲದ ಪ್ರಾರ್ಥನೆ ಇವನ್ನೆಲ್ಲ ನನಗಿಂತ ಹಿರಿಯರು ಚೆನ್ನಾಗಿ ಬರೆಯಬಲ್ಲರು. ನಾನು ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಮುಂದೆ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆದರೆ ಹೋದದ್ದು ಅಡಿಕೆ ತೋಟದ ಮನೆಯಿಂದ. ಹಾಗಾಗಿ ಒಬ್ಬ ದೊಡ್ಡ ಮನುಷ್ಯ ತನ್ನ ಮುಪ್ಪಿನಲ್ಲಿ, ಒಂದು ಹಳ್ಳಿಯ ಮನೆಯಲ್ಲಿ ಕೂತು ಗಿಡಗಳ ಬಗ್ಗೆ ಮಾಡಿದ ಕೆಲಸವನ್ನು ಹೇಳೋಣ ಎನ್ನಿಸಿತು.

ಆ ಮನುಷ್ಯ ಚಾರ್ಲ್ಸ್ ಡಾರ್ವಿನ್. ಹೆಸರು ಕೇಳಿದ ಕೂಡಲೇ ಮಂಗನಿಂದ ಮಾನವ ಎಂಬ ಮಾತು ಎಲ್ಲರ ಬಾಯಿಗೂ ಬರುತ್ತದೆ. ಆದರೆ ಇಂದು ನಾವು ಮೆಣಸಿನ ಬಳ್ಳಿಯ ತುಂಡನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ನೆಡುತ್ತೇವಲ್ಲ, ಆ ಪುಡಿಯ ಕಥೆಯೂ ಇದೇ ಮನುಷ್ಯನ ಮನೆಯ ಕಿಟಕಿಯಿಂದ ಶುರುವಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನ ಬಗ್ಗೆ ಕೆಲವೇ ಸಾಲುಗಳಿರುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆ ಸಾಲುಗಳ ಹಿಂದೆ ಒಂದು ಇಡೀ ಬದುಕು ಇದೆ.

ಓದಿನಲ್ಲಿ ಹಿಂದೆ, ಹುಳು ಹಿಡಿಯುವುದರಲ್ಲಿ ಮುಂದೆ

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಹೆಸರಾಂತ ವೈದ್ಯರು, ಅನುಕೂಲಸ್ಥರು. ಎಂಟನೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಊರಿನ ಶಾಲೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಪದ್ಯಗಳನ್ನು ಬಾಯಿಪಾಠ ಮಾಡಿಸುವುದೇ ದೊಡ್ಡ ವಿದ್ಯೆ. ಹುಡುಗ ಕಂಠಪಾಠ ಒಪ್ಪಿಸುತ್ತಿದ್ದ, ಎರಡೇ ದಿನದಲ್ಲಿ ಮರೆಯುತ್ತಿದ್ದ. ಮನೆಯ ತೋಟದ ಕೊಟ್ಟಿಗೆಯಂಥ ಕೋಣೆಯಲ್ಲಿ ಅಣ್ಣನ ಜೊತೆ ಸೇರಿ ರಸಾಯನ ಪ್ರಯೋಗ ಮಾಡುತ್ತಿದ್ದುದರಿಂದ ಸಹಪಾಠಿಗಳು ಅವನಿಗೆ ಗ್ಯಾಸ್ ಎಂದು ಅಡ್ಡಹೆಸರಿಟ್ಟರು. ಇಂಥ ಕೆಲಸಕ್ಕೆ ಬಾರದ ವಿಷಯಗಳಲ್ಲಿ ಕಾಲ ಕಳೆಯುತ್ತಾನೆಂದು ಮುಖ್ಯೋಪಾಧ್ಯಾಯರು ಎಲ್ಲರೆದುರು ಗದರಿಸಿದ್ದೂ ಉಂಟು.

ಮಗ ತನ್ನಂತೆ ವೈದ್ಯನಾಗಲಿ ಎಂದು ತಂದೆ 1825ರಲ್ಲಿ ಎಡಿನ್‌ಬರೋಗೆ ಕಳಿಸಿದರು. ಆಗಿನ್ನೂ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವ ಕಾಲವಲ್ಲ. ರೋಗಿಗಳ ಕೂಗು ಕೇಳಲಾರದೆ ಹುಡುಗ ಕೋಣೆಯಿಂದ ಓಡಿ ಹೊರಬಂದ, ಮತ್ತೆ ಆ ಕಡೆ ಹೋಗಲಿಲ್ಲ. ವೈದ್ಯನಾಗದಿದ್ದರೆ ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಸೇರಿಸಿದರು. ಅಲ್ಲಿ ಅವನಿಗೆ ಹಿಡಿದದ್ದು ಜೀರುಂಡೆಯ ಹುಚ್ಚು. ಒಮ್ಮೆ ಮರದ ತೊಗಟೆ ಸುಲಿದಾಗ ಎರಡು ಅಪರೂಪದ ಜೀರುಂಡೆ ಸಿಕ್ಕವು, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದ. ಅಷ್ಟರಲ್ಲಿ ಮೂರನೆಯದು ಕಂಡಿತು. ಬಲಗೈಯಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡು ಅದಕ್ಕೆ ಕೈ ಚಾಚಿದ. ಬಾಯೊಳಗಿನ ಹುಳು ಖಾರದ ರಸ ಕಾರಿತು, ಉಗುಳಬೇಕಾಯಿತು, ಕೊನೆಗೆ ಎರಡು ಹುಳು ತಪ್ಪಿಸಿಕೊಂಡವು. ನಮ್ಮಲ್ಲಿ ಹಿತ್ತಲಿನ ಹಲಸಿನ ಮರದಡಿ ಹುಳ ಹುಡುಕುವ ಮಕ್ಕಳನ್ನು ಬೈಯುವ ಅಪ್ಪ ಅಮ್ಮಂದಿರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹೆನ್ಸ್ಲೋ ಈ ಹುಡುಗನ ಕುತೂಹಲವನ್ನು ಗುರುತಿಸಿದರು. ಮೇಷ್ಟ್ರೂ ಶಿಷ್ಯನೂ ದಿನವೂ ಜೊತೆಗೇ ವಾಕಿಂಗ್ ಹೋಗುವಷ್ಟು ಒಡನಾಟ ಬೆಳೆಯಿತು. ಬೀಗಲ್ ಎಂಬ ಹಡಗು ಭೂಪ್ರದಕ್ಷಿಣೆಗೆ ಹೊರಟಾಗ ಡಾರ್ವಿನ್ನನಿಗೆ ಅವಕಾಶ ದೊರೆತದ್ದು ಇದೇ ಗುರುವಿನ ಶಿಫಾರಸಿನಿಂದ. ತಂದೆ ಒಪ್ಪಲಿಲ್ಲ. ಕೊನೆಗೆ ಸೋದರಮಾವ ಬಂದು ಮಾತಾಡಿ ಒಪ್ಪಿಸಿದರು. 1831ರ ಡಿಸೆಂಬರ್ 27ರಂದು ಹೊರಟ ಹಡಗು ಹಿಂದಿರುಗಿದ್ದು 1836ರ ಅಕ್ಟೋಬರ್‌ನಲ್ಲಿ. ಹತ್ತಿರ ಹತ್ತಿರ ಐದು ವರ್ಷ. ದಕ್ಷಿಣ ಅಮೆರಿಕದ ಕಾಡು, ಆಂಡೀಸ್ ಪರ್ವತ, ಗಲಾಪಗೋಸ್ ದ್ವೀಪಗಳು ಎಲ್ಲವನ್ನೂ ಕಂಡು, ಪೆಟ್ಟಿಗೆಗಟ್ಟಲೆ ಮಾದರಿಗಳನ್ನೂ ರಾಶಿ ಟಿಪ್ಪಣಿಗಳನ್ನೂ ಹೊತ್ತು ಬಂದರು.

ಭೂಮಿ ಸುತ್ತಿ ಬಂದವರು ಹಳ್ಳಿಯಲ್ಲಿ ನೆಲೆಸಿದರು

1839ರಲ್ಲಿ ಸೋದರಮಾವನ ಮಗಳು ಎಮ್ಮಾಳೊಂದಿಗೆ ಮದುವೆಯಾಯಿತು. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಸಣ್ಣ ಹಳ್ಳಿಗೆ ಬಂದು ನೆಲೆಸಿದರು. ಅಲ್ಲಿಂದ ಮುಂದೆ ಸಾಯುವವರೆಗೂ, ಅಂದರೆ ಸುಮಾರು 40 ವರ್ಷ, ಅದೇ ಮನೆ. ಮತ್ತೆ ಹಡಗು ಹತ್ತಲಿಲ್ಲ. ಯಾವ ವಿಶ್ವವಿದ್ಯಾಲಯದಲ್ಲೂ ಕೆಲಸಕ್ಕೆ ಸೇರಲಿಲ್ಲ.

ಆರೋಗ್ಯ ಸದಾ ಕೈಕೊಡುತ್ತಿತ್ತು. ವಾಂತಿ, ತಲೆಸುತ್ತು, ನಿತ್ರಾಣ. ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡಲು ಸಾಧ್ಯವಿತ್ತು. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಮಗಳು ಆನಿ ಕಣ್ಮುಚ್ಚಿದ ಮೇಲೆ ತಂದೆಯ ಆ ದುಃಖ ಕೊನೆಯವರೆಗೂ ಆರಲಿಲ್ಲ. ಇಷ್ಟರ ನಡುವೆಯೂ ದಿನಚರಿ ತಪ್ಪುತ್ತಿರಲಿಲ್ಲ. ಮನೆಯ ಹಿಂದೆ ಮರಗಳ ನಡುವೆ ಒಂದು ಕಾಲುದಾರಿ ಮಾಡಿಸಿಕೊಂಡಿದ್ದರು. ಅದರಲ್ಲಿ ಸುತ್ತು ಹಾಕುತ್ತ ಯೋಚಿಸುವುದು, ಎಷ್ಟು ಸುತ್ತಾಯಿತೆಂದು ಲೆಕ್ಕ ತಪ್ಪದಿರಲು ಕಲ್ಲುಗಳನ್ನಿಟ್ಟುಕೊಂಡು ಒಂದೊಂದನ್ನೇ ಸರಿಸುವುದು. ಊರಿನವರ ಪರಸ್ಪರ ಸಹಾಯ ಸಂಘಕ್ಕೆ ಸುಮಾರು 30 ವರ್ಷ ಖಜಾಂಚಿಯಾಗಿದ್ದು ಅದರ ಲೆಕ್ಕ ಬರೆದರು. ನಮ್ಮೂರಿನ ಸೊಸೈಟಿಯ ಲೆಕ್ಕ ಬರೆಯುವ ಹಿರಿಯರಂತೆ ಅವರೂ ಊರಿಗೆ ಬೇಕಾದ ಒಬ್ಬ ಮನುಷ್ಯ.

1858ರ ಜೂನ್‌ನಲ್ಲಿ ವ್ಯಾಲೇಸ್ ಎಂಬ ತರುಣ ಸಂಶೋಧಕ ಪೂರ್ವದ ದ್ವೀಪಗಳಿಂದ ಕಳಿಸಿದ ಬರಹ ಕೈಸೇರಿತು. ಡಾರ್ವಿನ್ 20 ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಅದೇ ವಿಚಾರ ಅದರಲ್ಲಿತ್ತು. ಇಬ್ಬರ ಹೆಸರಿನಲ್ಲೂ ವಿಷಯವನ್ನು ವಿದ್ವಾಂಸರ ಸಭೆಯಲ್ಲಿ ಓದಿಸಲಾಯಿತು. ಮರುವರ್ಷ, 1859ರ ನವೆಂಬರ್‌ನಲ್ಲಿ, ಜೀವಜಾತಿಗಳ ಹುಟ್ಟಿನ ಬಗೆಗಿನ ಅವರ ಪುಸ್ತಕ ಹೊರಬಂತು. ಆ ಗದ್ದಲದ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ನಾನು ಹೇಳಬೇಕೆಂದಿರುವುದು ಆ ಗದ್ದಲ ನಡೆಯುತ್ತಿದ್ದಾಗ ಈ ಮನುಷ್ಯ ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು.

ಗಿಡಗಳ ಸಹವಾಸ

ಅವರು ಗಿಡಗಳನ್ನು ನೋಡುತ್ತಿದ್ದರು. ಆರ್ಕಿಡ್ ಹೂಗಳಿಗೂ ಕೀಟಗಳಿಗೂ ಇರುವ ನಂಟಿನ ಬಗ್ಗೆ 1862ರಲ್ಲಿ ಒಂದು ಪುಸ್ತಕ ಬರೆದರು. ನಮ್ಮ ತೋಟದ ಮರಗಳ ಮೇಲೆ ಮಳೆಗಾಲದ ಹೊತ್ತಿಗೆ ಹೂಬಿಡುವ ಸೀತಾಳೆ ದಂಡೆ ಆ ಜಾತಿಯದೇ. 1863ರಲ್ಲಿ ಮನೆಯ ಹಿತ್ತಲಲ್ಲಿ ಒಂದು ಗಾಜಿನ ಮನೆ ಕಟ್ಟಿಸಿದರು. ಹಾಸಿಗೆ ಹಿಡಿದಿದ್ದಾಗಲೂ ಕೋಣೆಯಲ್ಲಿ ಕುಂಡದ ಬಳ್ಳಿಯೊಂದನ್ನು ಇಡಿಸಿಕೊಂಡು, ಅದರ ಕುಡಿ ಹಗಲೂ ರಾತ್ರಿಯೂ ಆಸರೆ ಹುಡುಕುತ್ತ ಗಾಳಿಯಲ್ಲಿ ಸುತ್ತು ಹಾಕುವುದನ್ನು ಗಡಿಯಾರ ನೋಡಿ ಬರೆದಿಟ್ಟರು. ಅವರೆ ಬಳ್ಳಿಗೆ ಕೋಲು ನೆಟ್ಟವರೆಲ್ಲ ಅದು ಸುತ್ತಿಕೊಳ್ಳುವುದನ್ನು ಕಂಡಿದ್ದೇವೆ. ಆದರೆ ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು ಎಂದು ಎಷ್ಟು ಜನ ನೋಡಿದ್ದೇವೆ? ಹುಳು ತಿನ್ನುವ ಗಿಡಗಳ ಬಗ್ಗೆ 1875ರಲ್ಲಿ ಇನ್ನೊಂದು ಪುಸ್ತಕ ಬಂತು.

ಈ ಹೊತ್ತಿಗೆ ಮನೆಯಲ್ಲಿ ಒಂದು ಸಾವು. ಮಗ ಫ್ರಾನ್ಸಿಸ್ ವೈದ್ಯಕೀಯ ಓದಿದ್ದರೂ ವೈದ್ಯ ವೃತ್ತಿಗೆ ಹೋಗಿರಲಿಲ್ಲ. 1876ರಲ್ಲಿ ಅವರ ಹೆಂಡತಿ ಮಗುವನ್ನು ಹೆತ್ತು ತೀರಿಕೊಂಡರು. ಹಸುಗೂಸನ್ನು ಎತ್ತಿಕೊಂಡು ಫ್ರಾನ್ಸಿಸ್ ತಂದೆಯ ಮನೆಗೆ ಬಂದರು. ಅಜ್ಜಿ ಎಮ್ಮಾ ಮಗುವನ್ನು ನೋಡಿಕೊಂಡರು. ದುಃಖದಲ್ಲಿದ್ದ ಮಗನನ್ನು ತಂದೆ ತನ್ನ ಪ್ರಯೋಗಗಳಿಗೆ ಜೊತೆಗಾರನನ್ನಾಗಿ ಮಾಡಿಕೊಂಡರು. ಸಸ್ಯ ಹಾರ್ಮೋನುಗಳ ಇತಿಹಾಸದ ಮೊದಲ ಅಧ್ಯಾಯವನ್ನು ಬರೆದದ್ದು ಈ ಅಪ್ಪ ಮಗ.

ಅವರ ಪ್ರಯೋಗಗಳಲ್ಲಿ ತಮಾಷೆಯವೂ ಇದ್ದವು. ಒಮ್ಮೆ ಮಗನಿಂದ ಬಸೂನ್ ಎಂಬ ದೊಡ್ಡ ಊದುವ ವಾದ್ಯವನ್ನು ಗಿಡದ ಪಕ್ಕದಲ್ಲೇ ನುಡಿಸಿ, ಗಿಡಕ್ಕೆ ಕೇಳಿಸುತ್ತದೋ ನೋಡಿದರು. ಗಿಡ ಅಲುಗಲಿಲ್ಲ. ಇಂಥವನ್ನು ಪೆದ್ದ ಪ್ರಯೋಗಗಳೆಂದು ಅವರೇ ನಗುತ್ತಿದ್ದರು, ಆದರೂ ಮಾಡಿ ನೋಡದೆ ಬಿಡುತ್ತಿರಲಿಲ್ಲ.

ಟೋಪಿಯ ಪ್ರಯೋಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಿಡ ಬೆಳಕಿನ ಕಡೆ ಬಾಗುತ್ತದೆ ಎಂಬುದು ಎಲ್ಲ ರೈತರಿಗೂ ಗೊತ್ತು. ಜಗಲಿಯ ಮೇಲಿಟ್ಟ ಕುಂಡದ ಗಿಡ ಅಂಗಳದ ಕಡೆ ವಾಲುತ್ತದೆ. ದೊಡ್ಡ ಮರದ ನೆರಳಿಗೆ ಸಿಕ್ಕಿದ ಎಳೆಯ ಅಡಿಕೆ ಗಿಡ ಬಿಸಿಲು ಹುಡುಕಿ ಸೊಟ್ಟಗೆ ಬೆಳೆಯುತ್ತದೆ. ಡಾರ್ವಿನ್ ಕೇಳಿದ ಪ್ರಶ್ನೆ ಒಂದು ಹೆಜ್ಜೆ ಮುಂದಿನದು. ಗಿಡಕ್ಕೆ ಕಣ್ಣಿಲ್ಲ. ಹಾಗಾದರೆ ಬೆಳಕು ಯಾವ ಕಡೆಯಿದೆ ಎಂಬುದು ಅದರ ಯಾವ ಭಾಗಕ್ಕೆ ತಿಳಿಯುತ್ತದೆ?

ಅವರು ತೆಗೆದುಕೊಂಡದ್ದು ಕ್ಯಾನರಿ ಹುಲ್ಲಿನ ಬೀಜ, ಅಂದರೆ ಪಂಜರದ ಹಕ್ಕಿಗಳಿಗೆ ಹಾಕುವ ಕಾಳು. ಭತ್ತ, ರಾಗಿ, ಗೋಧಿ ಇವೆಲ್ಲ ಹುಲ್ಲಿನ ಜಾತಿಯವೇ. ಇವು ಮೊಳೆಯುವಾಗ ಎಳೆಯ ಎಲೆಯನ್ನು ಮುಚ್ಚಿಕೊಂಡು ಒಂದು ಬಿಳಿ ಕೊಳವೆ ಮೊದಲು ಮೇಲೆ ಬರುತ್ತದೆ. ಅಗೆ ಹಾಕಲು ಮೊಳಕೆ ಕಟ್ಟಿದ ಭತ್ತವನ್ನು ನೋಡಿದವರಿಗೆ ಇದರ ಪರಿಚಯ ಇದ್ದೇ ಇದೆ. ಕತ್ತಲಲ್ಲಿ ಬೆಳೆಸಿದ ಇಂಥ ಮೊಳಕೆಗಳನ್ನು ಅಪ್ಪ ಮಗ ಒಂದೇ ಕಡೆಯಿಂದ ಬೆಳಕು ಬೀಳುವಂತೆ ಇಟ್ಟರು. ಕೆಲವು ಗಂಟೆಗಳಲ್ಲಿ ಎಲ್ಲವೂ ಬೆಳಕಿನ ಕಡೆ ಬಾಗಿದವು. ಬಾಗಿದ್ದು ತುದಿಯಲ್ಲಲ್ಲ, ಅದಕ್ಕಿಂತ ಕೆಳಗೆ.

ಆಮೇಲೆ ಕೆಲವು ಮೊಳಕೆಗಳ ತುದಿಗೆ ತೆಳುವಾದ ತವರದ ಹಾಳೆಯ ಪುಟ್ಟ ಟೋಪಿ ತೊಡಿಸಿದರು. ಟೋಪಿ ಹಾಕುವುದು ಎಂದರೆ ನಮ್ಮ ಮಾತಿನಲ್ಲಿ ಮೋಸ ಮಾಡುವುದು. ಇಲ್ಲಿ ಎರಡು ಅರ್ಥವೂ ಸರಿಯೇ. ಮೈಯೆಲ್ಲ ಬೆಳಕಿನಲ್ಲಿದ್ದರೂ ತುದಿ ಕತ್ತಲಲ್ಲಿದ್ದ ಆ ಮೊಳಕೆಗಳು ಮೋಸ ಹೋಗಿ ನೆಟ್ಟಗೇ ನಿಂತವು. ಇದಾದ ಮೇಲೆ ಉಲ್ಟಾ ಮಾಡಿ ನೋಡಿದರು. ಮೊಳಕೆಯ ಕೆಳಭಾಗವನ್ನು ನುಣ್ಣನೆಯ ಕಪ್ಪು ಮರಳಿನಲ್ಲಿ ಮುಚ್ಚಿ ತುದಿಗೆ ಮಾತ್ರ ಬೆಳಕು ತಾಗುವಂತೆ ಬಿಟ್ಟರು. ಮರಳಿನೊಳಗಿನ ಕತ್ತಲಲ್ಲೇ ಬುಡ ಬಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಯಾರಾದರೂ ಒಂದು ತಕರಾರು ತೆಗೆಯಬಹುದಿತ್ತು. ಟೋಪಿಯ ಭಾರಕ್ಕೋ ತುದಿಗೆ ಪೆಟ್ಟಾಗಿಯೋ ಮೊಳಕೆ ಬಾಗದೆ ಇದ್ದಿರಬಾರದೇಕೆ? ಆ ಅನುಮಾನ ಅವರಿಗೂ ಬಂದಿತ್ತು. ಅದಕ್ಕೇ ತೆಳು ಗಾಜಿನ ಕೊಳವೆಗಳನ್ನು ತುದಿಗೆ ತೊಡಿಸಿದರು. ಕೆಲವಕ್ಕೆ ಕಪ್ಪು ಬಳಿದರು, ಕೆಲವನ್ನು ಹಾಗೆಯೇ ಬಿಟ್ಟರು. ಹೊರೆ ಎರಡಕ್ಕೂ ಒಂದೇ. ಬಣ್ಣವಿಲ್ಲದ ಗಾಜಿನ ಟೋಪಿ ಹಾಕಿಕೊಂಡವು ಬಾಗಿದವು, ಕಪ್ಪು ಟೋಪಿಯವು ಬಾಗಲಿಲ್ಲ.

ನನ್ನ ಕೆಲಸದಲ್ಲಿ ದಿನಾ ಇದೇ ಪಾಠ. ಪ್ರೋಗ್ರಾಮ್ ಎಲ್ಲೋ ಕೆಟ್ಟಾಗ ಏಕಕಾಲಕ್ಕೆ ನಾಲ್ಕು ಕಡೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದೆಲ್ಲ ಇದ್ದಂತೆ ಇರಲಿ. ಲಕ್ಷಾಂತರ ರೂಪಾಯಿ ಸಂಬಳದ ಇಂಜಿನಿಯರುಗಳಿಗೆ ಹೇಳಿಕೊಡುವ ಈ ಶಿಸ್ತನ್ನು ಆ ಮುದುಕ ಹಕ್ಕಿಕಾಳು, ಗಾಜಿನ ಚೂರು ಮತ್ತು ಕಪ್ಪು ಬಣ್ಣದಲ್ಲಿ ಮಾಡಿ ತೋರಿಸಿದ್ದರು.

ಅವರು ತಲುಪಿದ ತೀರ್ಮಾನ ಸರಳ. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಬುಡ. ಹಾಗಿದ್ದಮೇಲೆ ತುದಿಯಿಂದ ಬುಡಕ್ಕೆ ಯಾವುದೋ ಒಂದು ಪ್ರಭಾವ ಇಳಿದು ಬರಬೇಕು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಹಾರ್ಮೋನ್ ಎಂಬ ಪದವೇ ಆಗಿನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1905ರಲ್ಲಿ. ಬೇರಿನ ತುದಿಯ ಮೇಲೂ ಇಂಥದೇ ಪ್ರಯೋಗ ಮಾಡಿ, ನೆಲ ಯಾವ ಕಡೆ ಎಂಬುದನ್ನು ಬೇರಿನ ತುದಿ ಗುರುತಿಸಿ ಮೇಲಿನ ಭಾಗಕ್ಕೆ ತಿಳಿಸುತ್ತದೆ ಎಂದರು. ಕೆಳದರ್ಜೆಯ ಪ್ರಾಣಿಯೊಂದರ ಮಿದುಳಿನಂತೆ ಬೇರಿನ ತುದಿ ಕೆಲಸ ಮಾಡುತ್ತದೆ ಎಂಬ ಹೋಲಿಕೆಯನ್ನೂ ಕೊಟ್ಟರು. ಇದೆಲ್ಲ ಸೇರಿ ಸುಮಾರು 600 ಪುಟಗಳ ಪುಸ್ತಕವಾಗಿ 1880ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸಸ್ಯಗಳ ಚಲನಶಕ್ತಿಯ ಬಗೆಗಿನ ಆ ಪುಸ್ತಕ ಬಂದಾಗ ಅವರಿಗೆ 71 ವರ್ಷ.

ದೊಡ್ಡ ಪ್ರೊಫೆಸರರ ತಿರಸ್ಕಾರ

ಆ ಕಾಲಕ್ಕೆ ಸಸ್ಯಗಳ ಜೀವಕ್ರಿಯೆಯ ಅಧ್ಯಯನದಲ್ಲಿ ಯುರೋಪಿಗೇ ದೊಡ್ಡ ಹೆಸರು ಜರ್ಮನಿಯ ಯೂಲಿಯಸ್ ಸ್ಯಾಕ್ಸ್ ಅವರದು. ವುರ್ಟ್ಸ್‌ಬುರ್ಗ್ ನಗರದಲ್ಲಿ ಅವರ ಪ್ರಯೋಗಾಲಯ. ಒಳ್ಳೆಯ ಉಪಕರಣಗಳು, ದೇಶ ದೇಶಗಳಿಂದ ಬಂದ ಶಿಷ್ಯರು. ಫ್ರಾನ್ಸಿಸ್ ಕೂಡ 1878 ಮತ್ತು 1879ರ ಬೇಸಿಗೆಗಳಲ್ಲಿ ಅಲ್ಲಿ ಹೋಗಿ ಕಲಿತು ಬಂದಿದ್ದರು. ಡಾರ್ವಿನ್‌ಗೆ ಸ್ಯಾಕ್ಸ್ ಬಗ್ಗೆ ಅಪಾರ ಗೌರವವಿತ್ತು.

ಪುಸ್ತಕ ಬಂದಾಗ ಅದೇ ಸ್ಯಾಕ್ಸ್ ಅದನ್ನು ಕಟುವಾಗಿ ತಳ್ಳಿಹಾಕಿದರು. ಕೈ ಪಳಗದವರು ಮಾಡಿದ ಪ್ರಯೋಗ, ತಪ್ಪು ವಿವರಣೆ ಎಂಬ ಧಾಟಿಯಲ್ಲಿ ಬರೆದರು. ಬೇರಿನ ತುದಿಯ ಪ್ರಯೋಗವನ್ನು ಅವರ ಪ್ರಯೋಗಾಲಯದಲ್ಲಿ ಮಾಡಿದಾಗ ಬೇರೆ ಫಲಿತಾಂಶ ಬಂದಿತ್ತು. ಡಾರ್ವಿನ್‌ಗೆ ಇದರಿಂದ ನೋವಾಯಿತು, ಆದರೆ ತಿರುಗಿ ಜಗಳಕ್ಕೆ ಹೋಗಲಿಲ್ಲ. ಸ್ವಾರಸ್ಯವೆಂದರೆ ಗಿಡದಲ್ಲಿ ಬೇರು, ಹೂವು ಮುಂತಾದ ಅಂಗಗಳನ್ನು ಮೂಡಿಸುವ ವಿಶೇಷ ದ್ರವ್ಯಗಳಿರಬೇಕೆಂದು ಅದೇ ವರ್ಷಗಳಲ್ಲಿ ವಾದಿಸಿದವರೂ ಸ್ಯಾಕ್ಸ್ ಅವರೇ. ಪ್ರಭಾವ ಇಳಿದು ಬರುತ್ತದೆ ಎಂದು ಒಬ್ಬರಿಗೆ ತಿಳಿದಿತ್ತು, ಅದು ದ್ರವ್ಯವಿರಬಹುದು ಎಂಬ ದಾರಿ ಇನ್ನೊಬ್ಬರ ಕೈಯಲ್ಲಿತ್ತು. ಇಬ್ಬರೂ ಕೂತು ಮಾತಾಡಿದ್ದರೆ ಅರ್ಧ ಶತಮಾನ ಉಳಿಯುತ್ತಿತ್ತೇನೋ.

ಡಾರ್ವಿನ್ ತಮ್ಮ ಕೊನೆಯ ಪುಸ್ತಕ ಬರೆದದ್ದು ಎರೆಹುಳುವಿನ ಬಗ್ಗೆ, 1881ರಲ್ಲಿ. ನೆಲವನ್ನು ಉಳುವ ಆ ಸಣ್ಣ ಜೀವಿಯ ಕೆಲಸವನ್ನು ಲೆಕ್ಕ ಹಾಕಿ ತೋರಿಸಿದ ಪುಸ್ತಕ ಅದು. 1882ರ ಏಪ್ರಿಲ್ 19ರಂದು ಅದೇ ಹಳ್ಳಿಮನೆಯಲ್ಲಿ ಅವರು ತೀರಿಕೊಂಡರು. ಊರಿನ ಮಣ್ಣಿನಲ್ಲೇ ಮಲಗಬೇಕೆಂಬುದು ಅವರ ಬಯಕೆಯಾಗಿದ್ದರೂ ದೇಶ ಅವರನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿತು.

ಬಿಟ್ಟುಹೋದ ಪ್ರಶ್ನೆಯ ಬೆನ್ನು ಹತ್ತಿದವರು

ಅವರು ಬಿಟ್ಟುಹೋದ ಪ್ರಶ್ನೆ ಸಾಯಲಿಲ್ಲ. ಇಳಿದು ಬರುವುದು ಏನು? ಡೆನ್ಮಾರ್ಕಿನ ಬಾಯ್ಸೆನ್ ಯೆನ್ಸೆನ್ 1910ರಿಂದ 1913ರ ಹೊತ್ತಿಗೆ ಓಟ್ಸ್ ಮೊಳಕೆಯ ತುದಿ ಕತ್ತರಿಸಿ, ನಡುವೆ ಜೆಲಾಟಿನ್ ಪದರ ಇಟ್ಟು ಮತ್ತೆ ಕೂರಿಸಿದರು. ಮೊಳಕೆ ಬಾಗಿತು. ಅಂದರೆ ಆ ಪ್ರಭಾವ ಜೆಲಾಟಿನ್ ಮೂಲಕ ಹಾಯ್ದು ಹೋಗಬಲ್ಲದು. ಅಭ್ರಕದ ತೆಳು ಚೂರನ್ನು ಅಡ್ಡ ಸಿಕ್ಕಿಸಿದಾಗ ಅದು ನಿಂತುಹೋಯಿತು. ಹಂಗೇರಿಯ ಪಾಲ್ ಎಂಬುವರು ಕತ್ತರಿಸಿದ ತುದಿಯನ್ನು ಬುಡದ ಒಂದು ಪಕ್ಕಕ್ಕೆ ಮಾತ್ರ ಕೂರಿಸಿ ಕತ್ತಲಲ್ಲಿಟ್ಟರು. ಬೆಳಕೇ ಇಲ್ಲದಿದ್ದರೂ ಮೊಳಕೆ ಇನ್ನೊಂದು ಪಕ್ಕಕ್ಕೆ ಬಾಗಿತು.

ಕೊನೆಯ ಬೀಗ ತೆಗೆದವರು ಹಾಲೆಂಡಿನ ಉಟ್ರೆಕ್ಟ್ ನಗರದ ತರುಣ ಫ್ರಿಟ್ಸ್ ವೆಂಟ್. ಸೇನೆಯ ಕಡ್ಡಾಯ ಸೇವೆಯ ದಿನಗಳಲ್ಲಿ ರಾತ್ರಿ ಹೊತ್ತು ಪ್ರಯೋಗ ಮಾಡುತ್ತಿದ್ದರು. 1926ರಲ್ಲಿ ಅವರು ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಬಿಲ್ಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರು. ಅಗರ್ ಎಂದರೆ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ, ಪುಡ್ಡಿಂಗ್ ಮಾಡಲು ಬಳಸುವ ಪದಾರ್ಥ. ಆಮೇಲೆ ತುದಿಗಳನ್ನು ಬಿಸಾಡಿ, ಆ ಅಗರ್ ತುಂಡನ್ನು ಮಾತ್ರ ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಇಟ್ಟರು. ಆ ಪಕ್ಕ ಹೆಚ್ಚು ಬೆಳೆದು ಮೊಳಕೆ ಬಾಗಿತು. ಬರೀ ಅಗರ್ ಇಟ್ಟಾಗ ಏನೂ ಆಗಲಿಲ್ಲ. ತುದಿಯಿಂದ ಇಳಿಯುವುದು ಒಂದು ದ್ರವ್ಯವೇ ಎಂಬುದು ಸಾಬೀತಾಯಿತು. ಡಾರ್ವಿನ್ ಪುಸ್ತಕ ಬಂದು ಆಗ 46 ವರ್ಷ ಕಳೆದಿತ್ತು.

ಬೆಳೆಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ದ್ರವ್ಯಕ್ಕೆ ಆಕ್ಸಿನ್ ಎಂಬ ಹೆಸರು ಬಂತು. 1934ರಲ್ಲಿ ಅದೇ ಉಟ್ರೆಕ್ಟ್‌ನ ರಸಾಯನಶಾಸ್ತ್ರಜ್ಞ ಕೋಗ್ಲ್ ಮತ್ತು ಸಂಗಡಿಗರು ಮೊಳಕೆಯನ್ನು ಬಾಗಿಸಬಲ್ಲ ಇಂಡೋಲ್ ಅಸೆಟಿಕ್ ಆಮ್ಲವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅವರು ಅದನ್ನು ತೆಗೆದದ್ದು ಯಾವ ಗಿಡದಿಂದಲೂ ಅಲ್ಲ, ಮನುಷ್ಯರ ಮೂತ್ರದಿಂದ! ಗಿಡಗಳಲ್ಲಿ ಮುಖ್ಯವಾಗಿ ಇರುವ ಆಕ್ಸಿನ್ ಇದೇ ಎಂಬುದು ಮುಂದೆ ಖಚಿತವಾಯಿತು. ಬೆಳಕು ಒಂದು ಕಡೆಯಿಂದ ಬಿದ್ದಾಗ ಆಕ್ಸಿನ್ ನೆರಳಿನ ಪಕ್ಕದಲ್ಲಿ ಹೆಚ್ಚು ಸೇರುತ್ತದೆ, ಆ ಪಕ್ಕದ ಜೀವಕೋಶಗಳು ಉದ್ದವಾಗುತ್ತವೆ, ಗಿಡ ಬೆಳಕಿನ ಕಡೆ ಬಾಗುತ್ತದೆ.

ನಮ್ಮ ತೋಟದ ಲೆಕ್ಕದಲ್ಲಿ

ಇದರಿಂದ ನಮಗೇನು ಎಂದು ಕೇಳುವವರಿಗೆ ಉತ್ತರ ಹಿತ್ತಲಲ್ಲೇ ಇದೆ. ಸೇವಂತಿಗೆ ಗಿಡದ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಹೂ ಹೆಚ್ಚುತ್ತದೆ ಎಂಬುದು ನನ್ನ ಅಜ್ಜಿಗೆ ಗೊತ್ತಿತ್ತು. ತುದಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದೆ, ತುದಿ ಹೋದರೆ ಆ ತಡೆಯೂ ಹೋಗುತ್ತದೆ. ದಾಸವಾಳದ ಬೇಲಿ ಕತ್ತರಿಸಿದಷ್ಟೂ ದಟ್ಟವಾಗುವುದು ಇದರಿಂದಲೇ. ಕಾಳುಮೆಣಸಿನ ಬಳ್ಳಿಯ ತುಂಡಿಗೆ ಹಚ್ಚುವ ಬೇರಿನ ಪುಡಿಯಲ್ಲಿರುವುದು ಆಕ್ಸಿನ್‌ನ ಹತ್ತಿರದ ನೆಂಟ. ಗದ್ದೆಯ ಅಗಲ ಎಲೆಯ ಕಳೆ ಕೊಲ್ಲಲು ಹೊಡೆಯುವ 2,4-ಡಿ ಕೂಡ ಆಕ್ಸಿನ್‌ನಂತೆಯೇ ವರ್ತಿಸುವ ರಾಸಾಯನಿಕ. ಒಂದೇ ಕುಲದ ವಸ್ತು, ಚಿಟಿಕೆಯಷ್ಟಿದ್ದರೆ ಬೇರು ಬರಿಸುತ್ತದೆ, ಪ್ರಮಾಣ ಮೀರಿದರೆ ಗಿಡವನ್ನೇ ಕೊಲ್ಲುತ್ತದೆ. ಬೆಳವಣಿಗೆಯ ಟಾನಿಕ್ ಎಂದು ಬಾಟಲಿ ಕೊಳ್ಳುವಾಗ ಅದರಲ್ಲಿ ಏನಿದೆ, ಎಷ್ಟು ನೀರಿಗೆ ಎಷ್ಟು ಎಂದು ಓದಿ ನೋಡುವುದು ಅದಕ್ಕೇ ಮುಖ್ಯ.

ಆಕ್ಸಿನ್ ಬೆನ್ನಿಗೆ ಬೇರೆ ಹಾರ್ಮೋನುಗಳೂ ಪತ್ತೆಯಾದವು. ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುವಾಗ ಕೆಲಸ ಮಾಡುವುದು ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲ. ಭತ್ತದ ಸಸಿಗಳು ರೋಗ ಬಂದು ವಿಪರೀತ ಉದ್ದ ಬೆಳೆಯುವುದನ್ನು ಪರೀಕ್ಷಿಸಿದ ಕುರೊಸಾವಾ ಎಂಬ ಜಪಾನಿ ವಿಜ್ಞಾನಿ 1926ರಲ್ಲಿ, ಅದಕ್ಕೆ ಕಾರಣ ಒಂದು ಶಿಲೀಂಧ್ರ ಹೊರಸೂಸುವ ವಸ್ತುವೆಂದು ತೋರಿಸಿದರು. ಅದೇ ಮುಂದೆ ಜಿಬ್ಬರೆಲಿನ್ ಎಂದು ಹೆಸರಾಯಿತು. ಬಾಳೆಯ ಅಂಗಾಂಶ ಕೃಷಿ ಸಸಿಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ ನಡೆಯುವುದೂ ಇಂಥ ಎರಡು ಹಾರ್ಮೋನುಗಳ ಹದವಾದ ಬೆರಕೆಯೇ. ಹೊಗೆ ಹಾಕಿದ ನಮ್ಮ ಹಿರಿಯರಿಗೆ, ತುದಿ ಚಿವುಟಿದ ಅಜ್ಜಿಗೆ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಏಕೆ ಎಂದು ಕೇಳಿ, ಟೋಪಿ ತೊಡಿಸಿ, ಉತ್ತರ ಬರೆದಿಟ್ಟದ್ದು ಡಾರ್ವಿನ್ ಮಾಡಿದ ಹೆಚ್ಚಿನ ಕೆಲಸ.

ಶಾಲೆಯ ಮಕ್ಕಳಿಗೆ

ಒಂದು ಮಾತನ್ನು ಮುಚ್ಚಿಡಬಾರದು. ಡಾರ್ವಿನ್ ಬಡವರಲ್ಲ. ತಂದೆಯ ಆಸ್ತಿ ಇತ್ತು, ಸಂಬಳಕ್ಕೆ ದುಡಿಯಬೇಕಿರಲಿಲ್ಲ, ಮನೆಯಲ್ಲಿ ಆಳುಕಾಳು ಇದ್ದರು. ನಮ್ಮ ಮಕ್ಕಳಿಗೆ ಅಂಥ ಬಿಡುವು ಇಲ್ಲ. ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ಗದ್ದೆ ಮನೆ ಕಳೆದುಕೊಂಡ ಕುಟುಂಬಗಳ ಮೊಮ್ಮಕ್ಕಳು ಇಲ್ಲಿ ಓದುತ್ತಾರೆ. ಓದಿ ಒಂದು ಕೆಲಸ ಹಿಡಿ ಎಂದು ಮನೆಯವರು ಹೇಳುವುದರಲ್ಲಿ ತಪ್ಪಿಲ್ಲ, ನಮ್ಮ ಮನೆಯಲ್ಲೂ ಹೇಳಿದರು, ನಾನೂ ಹಿಡಿದೆ. ಆದರೆ ಆ ಟೋಪಿಯ ಪ್ರಯೋಗಕ್ಕೆ ಆಸ್ತಿ ಬೇಕಾಗಿರಲಿಲ್ಲ. ಬೇಕಾಗಿದ್ದುದು ಒಂದು ಹಿಡಿ ಕಾಳು, ಒಂದು ಕಿಟಕಿ ಮತ್ತು ತಾಳ್ಮೆ. ಇವು ಮೂರೂ ಬ್ಯಾಕೋಡಿನಲ್ಲಿ ಇವೆ.

ಹೀಗೆ ಮಾಡಿ ನೋಡಿ. ಗೋಧಿ ಅಥವಾ ಭತ್ತವನ್ನು ನೆನೆಸಿ, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು ತುಂಬಿ ಬಿತ್ತಿ. ರಟ್ಟಿನ ಪೆಟ್ಟಿಗೆಯೊಳಗೆ ಕತ್ತಲಲ್ಲಿಡಿ. ಬಿಳಿ ಮೊಳಕೆ ಬೆರಳಿನ ಒಂದು ಗೆಣ್ಣಿನಷ್ಟು ಮೇಲೆ ಬಂದಾಗ, ಹಸಿರು ಎಲೆ ಇನ್ನೂ ಹೊರಗೆ ಬಾರದಿರುವಾಗಲೇ, ಚಾಕಲೇಟು ಸುತ್ತಿದ ಬೆಳ್ಳಿ ಹಾಳೆಯಿಂದ ಪುಟ್ಟ ಟೋಪಿ ಮಾಡಿ ಕೆಲವಕ್ಕೆ ತೊಡಿಸಿ. ಕೆಲವಕ್ಕೆ ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಯ ಟೋಪಿ ತೊಡಿಸಿ. ಉಳಿದವು ಹಾಗೇ ಇರಲಿ. ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ತೂತು ಮಾಡಿ ಕಿಟಕಿಯ ಕಡೆ ತಿರುಗಿಸಿಡಿ. ಬೆಳಿಗ್ಗೆ ಇಟ್ಟರೆ ಸಂಜೆ ಶಾಲೆ ಬಿಡುವ ಹೊತ್ತಿಗೆ ನೋಡಿ, ಎಷ್ಟು ಬಾಗಿದವು, ಎಷ್ಟು ಬಾಗಲಿಲ್ಲ ಎಂದು ಎಣಿಸಿ ಬರೆಯಿರಿ. ಒಂದೆರಡು ಮೊಳಕೆ ನೋಡಿ ತೀರ್ಮಾನಿಸಬೇಡಿ. ಪುಸ್ತಕದಲ್ಲಿ ಹೇಳಿದಂತೆ ಆಗದಿದ್ದರೆ ಪುಸ್ತಕದಂತೆ ಬರೆಯಬೇಡಿ, ಕಂಡಂತೆ ಬರೆಯಿರಿ. ಏಕೆ ಹಾಗಾಯಿತೆಂದು ಮೇಷ್ಟ್ರನ್ನು ಕೇಳಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. 2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆ ಬಂತು, ಲಾಂಚಿಗೆ ಕಾಯುವ ಕಾಲ ಮುಗಿಯಿತು. ಇನ್ನು ಮುಂದೆ ಊರು ಬಿಟ್ಟು ಹೋಗುವುದು ಸುಲಭ, ಬರುವುದೂ ಅಷ್ಟೇ ಸುಲಭ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ಗೋಡೆಗೆ ಬಣ್ಣ ಬಳಿಸೋಣ. ಜೊತೆಗೆ ಒಂದು ತರಗತಿಯ ಕಿಟಕಿಯ ಕೆಳಗೆ ಅಗಲವಾದ ಒಂದು ಹಲಗೆ, ಹತ್ತಾರು ಕುಂಡ, ಒಂದು ದಪ್ಪ ನೋಟ್‌ಬುಕ್ ಇಡಿಸೋಣ. ಪ್ರತಿ ವರ್ಷ ಎಂಟನೇ ತರಗತಿಗೆ ಬಂದ ಮಕ್ಕಳು ತಾವು ಕಂಡದ್ದನ್ನು ಅದರಲ್ಲಿ ದಿನಾಂಕ ಹಾಕಿ ಬರೆಯಲಿ. ಖರ್ಚಿನ ಬಗ್ಗೆ ಚಿಂತೆ ಬೇಡ, ಹಲಗೆ ಮತ್ತು ಕುಂಡದ ವೆಚ್ಚ ನನ್ನ ಪಾಲಿಗಿರಲಿ. ಶತಮಾನೋತ್ಸವದ ಹೊತ್ತಿಗೆ ಆ ನೋಟ್‌ಬುಕ್‌ಗಳಲ್ಲಿ 50 ವರ್ಷಗಳ ಲೆಕ್ಕ ಕೂಡಿರುತ್ತದೆ. ಈ ಸೀಮೆಯ ಗಿಡಗಳ ಬಗ್ಗೆ ಅಂಥ ದಾಖಲೆ ಬೇರೆ ಯಾರ ಬಳಿಯೂ ಇರಲಾರದು.